ಬನ್ನಿಮರದ ಪಾಠ

ವಿಜಯದಶಮಿಯಂದು ಬನ್ನಿ ಹಂಚುವ ನಾವು, ಪಾಂಡವರು ಆಯುಧಗಳನ್ನು ಮರಳಿ ಪಡೆದುದನ್ನು ಸ್ಮರಿಸುತ್ತೇವೆ. ಅವುಗಳಿಲ್ಲದೆ ಅವರು ಬಾಳಿದ ವರ್ಷವನ್ನು ಅಷ್ಟಾಗಿ ನೆನೆಯುವುದಿಲ್ಲ. ವಿರಾಟನಗರದಲ್ಲಿ ಭೀಮಸೇನನು ಅಡುಗೆ ಮಾಡಿದನು. ಅರ್ಜುನನು ನಾಟ್ಯ ಕಲಿಸಿದನು. ನಕುಲ ಸಹದೇವರು ಕುದುರೆಗಳನ್ನೂ ಗೋವುಗಳನ್ನೂ ನೋಡಿಕೊಂಡರು.

ಸೇನೆಯಿಂದ ನಿವೃತ್ತನಾದ ಯೋಧನ ಬಾಳೂ ಇಂತಹುದೊಂದು ಅಜ್ಞಾತವಾಸವೇ ಸರಿ. ಬಹುಮಂದಿ ಜವಾನರು ನಲವತ್ತರ ಆಸುಪಾಸಿನಲ್ಲಿಯೇ ಸಮವಸ್ತ್ರವನ್ನು ಕಳಚುತ್ತಾರೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇಕಡಾ 14.5ರಷ್ಟು ಮಾಜಿ ಸೈನಿಕರಿಗೆ ಮೀಸಲಾಗಿದೆ. ಅದರಿಂದ ಅನ್ನಕ್ಕೆ ದಾರಿಯಾದೀತು. ಬಾಳಿನ ಗುರಿಯನ್ನು ಯಾವ ಮೀಸಲಾತಿ ಕೊಟ್ಟೀತು?

1971ರ ಯುದ್ಧವನ್ನು ಕಂಡ ಕ್ಯಾಪ್ಟನ್ ಗೋಪಿನಾಥರು ಸೇನೆಯನ್ನು ಬಿಟ್ಟು ಹಾಸನ ಜಿಲ್ಲೆಯಲ್ಲಿ ಬೇಸಾಯಕ್ಕಿಳಿದರು. 2003ರಲ್ಲಿ ಏರ್ ಡೆಕ್ಕನ್ ವಿಮಾನಸಂಸ್ಥೆಯನ್ನು ಆರಂಭಿಸಿದರು. ಅದು ವಿರಳರ ಭಾಗ್ಯ. ಇಲ್ಲಿ ಚೆನ್ನೈಯ ನಮ್ಮ ಶಾಖೆಯ ಕಾವಲುಗಾರರು ಮಾಜಿ ಹವಾಲ್ದಾರರು. “ಅಲ್ಲಿ ನನ್ನ ಬೆನ್ನಹಿಂದೆ ದೇಶವಿತ್ತು ಸಾರ್, ಇಲ್ಲಿ ಬರಿಯ ಬಾಗಿಲು” ಎಂದು ಅವರೊಮ್ಮೆ ನೊಂದು ನುಡಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಪಿಂಚಣಿಯ ದಿನ ವೃದ್ಧೆಯೊಬ್ಬರಿಗೆ ತಮ್ಮ ಕುರ್ಚಿಯನ್ನು ಕೊಟ್ಟು, ತಾವು ಮಧ್ಯಾಹ್ನದವರೆಗೆ ನಿಂತೇ ಇದ್ದುದನ್ನು ಕಂಡಾಗ ಹೊಳೆಯಿತು: ಆ ದೇಶವೇ ಈ ಬಾಗಿಲಿನಿಂದ ಒಳಗೆ ಬರುತ್ತಿದೆ.

ಪಾಂಡವರು ಬನ್ನಿಯ ಮೇಲಿಟ್ಟುದು ಆಯುಧಗಳನ್ನು ಮಾತ್ರ; ಧರ್ಮವನ್ನು ಜೊತೆಯಲ್ಲಿಯೇ ಕೊಂಡೊಯ್ದರು. ಆದರೆ ಕಂಕನೆಂಬ ಹೆಸರಿನಲ್ಲಿದ್ದ ಧರ್ಮರಾಯನನ್ನು ಅರಿಯದೆ ವಿರಾಟನು ಪಗಡೆಯ ದಾಳದಿಂದ ಅವನ ಮುಖಕ್ಕೆ ಹೊಡೆದನಲ್ಲವೆ? ನಮ್ಮ ನಡುವಿನ ಯೋಧನನ್ನು ಗುರುತಿಸುವ ಕಣ್ಣನ್ನು ತಾಯಿ ಚಾಮುಂಡೇಶ್ವರಿಯು ನಮಗೆ ಕರುಣಿಸಲಿ.