ಬೇರಿಂಗ್ ಬದಲಾದ ಮೇಲೂ ಅದೇ ಸೈಕಲ್ಲೇ?

ಸಕಲೇಶಪುರದ ಎಸ್ಟೇಟ್ ದಾರಿಗಳಲ್ಲಿ ಒಂದು ಮಳೆಗಾಲ ಓಡಾಡಿದ ಮೌಂಟನ್ ಬೈಕು ಹಾಸನದ ವರ್ಕ್‌ಶಾಪಿಗೆ ಸದ್ದಿಲ್ಲದೆ ಬರುವುದಿಲ್ಲ. ಪ್ರತಿ ಹಳ್ಳಕ್ಕೂ ಹಿಂಭಾಗ ಕಿರುಗುಟ್ಟುತ್ತದೆ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲುಗಿಸಿದರೆ ಟಕ್ ಟಕ್ ಎನ್ನುತ್ತದೆ. ‘ಪ್ಲೇ ಬಂದಿದೆ’, ಅಂದರೆ ಸಡಿಲಾಗಿದೆ, ಎನ್ನುತ್ತಾರೆ ಮೆಕ್ಯಾನಿಕ್ಕುಗಳು.

ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಿನ ಫ್ರೇಮು ಒಂದೇ ತುಂಡಲ್ಲ. ಮುಂಭಾಗ, ಚಕ್ರ ಹಿಡಿದ ಹಿಂದಿನ ತೋಳು, ನಡುವಿನ ಕೊಂಡಿಗಳು ಕೀಲುಗಳಲ್ಲಿ ಕೂಡಿಕೊಂಡಿರುತ್ತವೆ. ಆ ಕೀಲುಗಳಲ್ಲಿ ಬೇರಿಂಗುಗಳು ಕುಳಿತಿರುತ್ತವೆ. ಚಕ್ರದ ಬೇರಿಂಗು ಪೂರ್ತಿ ಸುತ್ತು ತಿರುಗುತ್ತದೆ, ಸವೆತವನ್ನು ಸುತ್ತಲೂ ಹಂಚಿಕೊಳ್ಳುತ್ತದೆ. ಕೀಲಿನ ಬೇರಿಂಗಿಗೆ ಆ ಭಾಗ್ಯವಿಲ್ಲ. ಅದು ಕೆಲವೇ ಡಿಗ್ರಿ ಹಿಂದೆ ಮುಂದೆ ಹೊರಳುತ್ತದೆ, ಸವಾರನ ಭಾರವೆಲ್ಲ ಅವೇ ಗುಂಡುಗಳ ಮೇಲೆ, ಅದೇ ಜಾಗದಲ್ಲಿ ಬೀಳುತ್ತದೆ. ಉಕ್ಕಿನ ಹಾದಿಯಲ್ಲಿ ಸಣ್ಣ ಸಣ್ಣ ತಗ್ಗುಗಳು ಬೀಳುತ್ತವೆ. ಅದಕ್ಕೇ ಈ ಕೆಲಸಕ್ಕೆ ಗುಂಡುಗಳ ನಡುವಿನ ಪಂಜರವನ್ನೇ ತೆಗೆದು, ಹಿಡಿಸುವಷ್ಟೂ ಗುಂಡು ತುಂಬಿದ ಬೇರಿಂಗುಗಳನ್ನು ಮಾಡುತ್ತಾರೆ. ಕೆಸರು ತೊಳೆಯಲೆಂದು ವಾಟರ್ ಸರ್ವಿಸಿನವರ ಪೈಪಿಗೆ ಒಡ್ಡಿದರಂತೂ ಸೀಲು ದಾಟಿ ನೀರು ಒಳಗೆ ಹೊಕ್ಕು ಗ್ರೀಸನ್ನು ಹೊರಗೆ ಹಾಕುತ್ತದೆ.

ಸವೆದ ಬೇರಿಂಗನ್ನು ಬದಲಿಸಬೇಕು. ಹಳೆಯ ಬೇರಿಂಗಿನ ಸೀಲಿನ ಮೇಲೆ 6902 ಎಂದಿದ್ದರೆ ಒಳಗಿನ ತೂತು 15 ಮಿ.ಮೀ., ಹೊರಗಿನ ಅಡ್ಡಳತೆ 28, ದಪ್ಪ 7. ಅದೇ ನಂಬರಿನ ಹೊಸದನ್ನು ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಡ ಬೀಳುವಂತೆ ಕೂರಿಸಬೇಕು, ಒಳಬಳೆಗೆ ಪೆಟ್ಟು ಬಿದ್ದರೆ ಹೊಸ ಬೇರಿಂಗು ಹುಟ್ಟುವಾಗಲೇ ಗಾಯಗೊಳ್ಳುತ್ತದೆ. ಬೋಲ್ಟು, ವಾಷರು, ಸ್ಪೇಸರುಗಳೂ ತುಕ್ಕು ಹಿಡಿದಿದ್ದರೆ ಹೊಸವು ಬರುತ್ತವೆ. ಕೊನೆಗೆ ಮೇಜಿನ ಮೇಲೆ ಹಳೆಯ ಸಾಮಾನಿನ ಗುಡ್ಡೆ, ಸ್ಟ್ಯಾಂಡಿನ ಮೇಲೆ ಮಾತಿಲ್ಲದ ಸೈಕಲ್ಲು. ಇದು ಬೆಳಿಗ್ಗೆ ಬಂದ ಸೈಕಲ್ಲೇ?

ಗ್ರೀಕರು ಇದೇ ಪ್ರಶ್ನೆಯನ್ನು ತಮ್ಮ ಪುರಾಣವೀರ ಥೀಸಿಯಸ್ಸನ ಹಡಗಿನ ಬಗ್ಗೆ ಕೇಳಿದರು. ಹಲಗೆಗಳೆಲ್ಲ ಒಂದೊಂದಾಗಿ ಬದಲಾದ ಹಡಗು ಅದೇ ಹೌದೋ ಅಲ್ಲವೋ ಎಂದು ಅಥೆನ್ಸಿನ ಪಂಡಿತರು ಜಗಳವಾಡಿದ್ದನ್ನು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಕಡೆ ಪ್ರಶ್ನೆ ರಥದ ಬಗ್ಗೆ ಬಂತು. ಪಾಲಿ ಭಾಷೆಯ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ಕೇಳುತ್ತಾನೆ: ರಥವೆಂದರೆ ಚಕ್ರವೇ, ಅಚ್ಚೇ, ನೊಗವೇ? ರಾಜ ಎಲ್ಲಕ್ಕೂ ಅಲ್ಲ ಎನ್ನುತ್ತಾನೆ. ಈ ಕಥೆಯನ್ನು ‘ರಥವೇ ಇಲ್ಲ’ ಎಂಬಲ್ಲಿಗೆ ನಿಲ್ಲಿಸಿಬಿಡುವವರು ಬಹಳ. ನಾಗಸೇನ ಹೇಳುವುದು ಅಷ್ಟು ಅಗ್ಗದ ಮಾತಲ್ಲ. ಭಾಗಗಳು ಒಂದು ಕ್ರಮದಲ್ಲಿ ಕೂಡಿದಾಗ ‘ರಥ’ ಎಂಬ ವ್ಯವಹಾರ ನಡೆಯುತ್ತದೆ, ಅದರಾಚೆಗೆ ರಥವೆಂಬ ಬೇರೊಂದು ವಸ್ತುವಿಲ್ಲ ಎನ್ನುತ್ತಾನೆ.

ನ್ಯಾಯ–ವೈಶೇಷಿಕ ದರ್ಶನದವರ ನಿಲುವು ಇದಕ್ಕೆ ತದ್ವಿರುದ್ಧ. ಇಡಿಯೆಂಬುದು ಬಿಡಿಗಳಿಗಿಂತ ಬೇರೆಯಾದ ನಿಜವಾದ ವಸ್ತು. ಹಾಗಾಗಿ ಒಂದು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸ ಬಟ್ಟೆ ಹುಟ್ಟುತ್ತದೆ. ತರ್ಕ ಬಿಗಿಯಾಗಿದೆ, ಆದರೆ ಒಂದು ಬೋಲ್ಟು ಹಾಕಿ ಹೊಸ ಸೈಕಲ್ಲಿನ ಬಿಲ್ಲು ಕೊಟ್ಟರೆ ಯಾವ ಗಿರಾಕಿ ಒಪ್ಪಿಯಾನು?

ಹಾಸನದಿಂದ ಪೂರ್ವಕ್ಕೆ ಹೊರಟು ಚನ್ನರಾಯಪಟ್ಟಣ ದಾಟಿದರೆ ಶ್ರವಣಬೆಳಗೊಳ. ಅಲ್ಲಿನ ಜೈನ ಪರಂಪರೆ ಕೊಡುವ ಉತ್ತರ ವರ್ಕ್‌ಶಾಪಿಗೆ ತೀರ ಹತ್ತಿರದ್ದು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಇರುವ ಯಾವುದಕ್ಕೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೇ ಇರುತ್ತವೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೊಂದು ಚಿತ್ರ ಕೊಟ್ಟಿದ್ದಾರೆ. ಚಿನ್ನದ ಕೊಡವನ್ನು ಮುರಿದು ಕಿರೀಟ ಮಾಡಿದರೆ ಕೊಡ ಬೇಕೆಂದವನು ಅಳುತ್ತಾನೆ, ಕಿರೀಟ ಬೇಕೆಂದವನು ನಗುತ್ತಾನೆ, ಚಿನ್ನ ಬೇಕೆಂದವನು ಸುಮ್ಮನಿರುತ್ತಾನೆ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ.

ಹುಟ್ಟು, ಅಳಿವು, ಸ್ಥಿರತೆಗಳನ್ನು ಹೀಗೆ ಒಟ್ಟಿಗೆ ಇಡುವುದೇ ಬೇರಿಂಗಿನ ಉದ್ಯೋಗ. ತಾನು ಸವೆದು ಫ್ರೇಮು ಸವೆಯದಂತೆ ನೋಡಿಕೊಳ್ಳಲೆಂದೇ ಅದನ್ನು ಇಟ್ಟಿರುತ್ತಾರೆ. ಬದಲಿಸದೆ ಬಿಟ್ಟರೆ ಸವೆತ ಬೇರಿಂಗ್ ಕೂರುವ ಗೂಡಿಗೇ ತಗಲುತ್ತದೆ, ಆಗ ಫ್ರೇಮೇ ಹೋಯಿತು. ಅಂದರೆ ಈ ಯಂತ್ರದಲ್ಲಿ ಬದಲಾವಣೆ ಸ್ಥಿರತೆಯ ವೈರಿಯಲ್ಲ, ಅದರ ಸಾಧನ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು, ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ವೀಣೆ ಬಲ್ಲ ಮನೆಗಳಲ್ಲಿ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ತಂತಿ ಉಜ್ಜಿ ಉಜ್ಜಿ 24 ಮೆಟ್ಟಿಲುಗಳ ಮೇಲೂ ಗೀರು ಬೀಳುತ್ತವೆ, ಅವನ್ನು ಕೂರಿಸಿದ ಕರಿ ಮೇಣ ಒಣಗಿ ಸಡಿಲುತ್ತದೆ. ಆಗ ಹೊಸದಾಗಿ ಮೇಳ ಕಟ್ಟಿಸುತ್ತಾರೆ. ಅದಾದ ಮೇಲೂ ಅದು ತಾತನ ವೀಣೆಯೇ.

ಪ್ರಶ್ನೆ ಬರಿಯ ವಸ್ತುಗಳದ್ದಾಗಿದ್ದರೆ ದಾರ್ಶನಿಕರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರ ಕಣ್ಣು ಮನುಷ್ಯನ ಮೇಲೆ. ಕ್ಷಣಕ್ಷಣಕ್ಕೂ ಬದಲಾಗುವವನು ನಿನ್ನೆಯ ಪಾಪದ ಫಲವನ್ನು ಇಂದು ಉಣ್ಣುವುದು ಯಾವ ನ್ಯಾಯ? ಮಾಡಿದ್ದು ವ್ಯರ್ಥವಾಗುತ್ತದೆ, ಮಾಡದ್ದು ತಲೆಗೆ ಬರುತ್ತದೆ ಎಂದು ಜೈನರು ಬೌದ್ಧರನ್ನು ಹಿಡಿದು ಕೇಳಿದ್ದು ಇದನ್ನೇ. ನಾಗಸೇನನ ಬಳಿಯೂ ಜವಾಬಿತ್ತು. ಮಾವು ಕದ್ದವನು ‘ನೆಟ್ಟದ್ದು ಬೇರೆ ಹಣ್ಣು, ನಾನು ಕಿತ್ತದ್ದು ಬೇರೆ’ ಎಂದರೆ ಬಿಡುತ್ತಾರೆಯೇ? ಒಂದರಿಂದ ಒಂದು ಬಂದ ಸರಪಳಿ ಇದ್ದರೆ ಸಾಕು ಎಂದ. ಕಳ್ಳನನ್ನು ಹಿಡಿಯಲು ಈ ಉತ್ತರ ಸಾಕು. ಆದರೆ ಪಶ್ಚಾತ್ತಾಪ ಪಡುವವನಿಗೆ ಸಾಲದು. ‘ನಾನು ಬಂದ ಸರಪಳಿ ತಪ್ಪು ಮಾಡಿತು’ ಎಂದು ಯಾರೂ ಕಣ್ಣೀರಿಡುವುದಿಲ್ಲ. ಇಲ್ಲಿ ಜೈನರ ಕೈ ಮೇಲು.

ಹೇಮಾವತಿ ದಂಡೆಯ ಹೊಳೆನರಸೀಪುರ ಈ ಚರ್ಚೆಯ ಜಾಗವನ್ನೇ ಬದಲಿಸುತ್ತದೆ. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳ (1880–1975) ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ನೆಲೆನಿಂತದ್ದು ಇಲ್ಲಿ. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದ ಅವರು, ಅವಿದ್ಯೆಗೆ ಬೇರಾವುದೋ ಮೂಲದ್ರವ್ಯವಿದೆ ಎಂಬ ವ್ಯಾಖ್ಯಾನಕಾರರ ವಾದವನ್ನು ಒಪ್ಪದೆ, ಒಂದನ್ನು ಇನ್ನೊಂದೆಂದು ತಿಳಿಯುವ ಅಧ್ಯಾಸವೇ ಅವಿದ್ಯೆ ಎಂದು ವಾದಿಸಿದವರು. ಎಚ್ಚರ, ಕನಸು, ನಿದ್ದೆ ಮೂರೂ ಬಂದು ಹೋಗುತ್ತವೆ, ಅವುಗಳ ಸಾಕ್ಷಿ ಬಂದು ಹೋಗುವುದಿಲ್ಲ ಎಂಬುದು ಅವರು ಹಿಡಿದ ದಾರಿ. ಆ ದಾರಿಯಲ್ಲಿ ನೋಡಿದರೆ ಸೈಕಲ್ಲಿನಲ್ಲಿ ಬದಲಾಗದ್ದನ್ನು ಹುಡುಕುವುದೇ ತಪ್ಪು ವಿಳಾಸಕ್ಕೆ ಹೋದಂತೆ. ಮಾತು ಎತ್ತರದ್ದೇ. ಆದರೆ ವ್ಯವಹಾರದಲ್ಲಿ ಸೈಕಲ್ಲು ಇದ್ದೇ ಇದೆ, ಅಲ್ಲಿ ಯಾವುದು ಯಾವುದೆಂಬ ತೀರ್ಮಾನ ಬೇಕೇ ಬೇಕು.

ದೇವಸ್ಥಾನಗಳು ಈ ತೀರ್ಮಾನವನ್ನು ಕ್ರಿಯೆಯಿಂದ ಮಾಡುತ್ತವೆ. ಜೀರ್ಣೋದ್ಧಾರದ ವೇಳೆ ಕಲಾಕರ್ಷಣೆ ಮಾಡಿ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಂಡು, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಾಪಿಸುತ್ತಾರೆ. ಬೇಲೂರಿನ ಚೆನ್ನಕೇಶವ 1117ರವನು, ಅವನ ಮಹಾದ್ವಾರದ ಗೋಪುರ 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು. ದೇವಸ್ಥಾನ ಬೇರೆಯಾಯಿತೆಂದು ಯಾವ ಭಕ್ತನೂ ಹೇಳಲಿಲ್ಲ. ಶ್ರವಣಬೆಳಗೊಳದ ಜೈನ ಮಠದಲ್ಲೂ ಪೀಠಕ್ಕೆ ಬಂದ ಭಟ್ಟಾರಕರೆಲ್ಲರ ಹೆಸರೂ ಚಾರುಕೀರ್ತಿಯೇ. 2023ರ ಮಾರ್ಚಿನಲ್ಲಿ ಹಿಂದಿನ ಭಟ್ಟಾರಕರು ದೇಹ ಬಿಟ್ಟರು, ನಂತರ ಬಂದವರು ಅಭಿನವ ಚಾರುಕೀರ್ತಿಗಳು.

ಸೈಕಲ್ಲಿಗೆ ಇಂಥ ಶಾಸ್ತ್ರವಿಲ್ಲ, ಆಯುಧಪೂಜೆಯ ಕುಂಕುಮ ಬಿಟ್ಟರೆ. ಅದಕ್ಕಿರುವುದು ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಕೊರೆದ ಫ್ರೇಮ್ ನಂಬರು. ಬೇರಿಂಗು, ಬೋಲ್ಟು, ಚಕ್ರ ಯಾವುದು ಬದಲಾದರೂ ಆ ನಂಬರು ಇರುವವರೆಗೆ ಕಂಪನಿಯ ವಾರಂಟಿಗೂ ಪೊಲೀಸರ ದೂರಿಗೂ ಅದು ಅದೇ ಸೈಕಲ್ಲು. ಓದುಗರು ತಮ್ಮ ಸೈಕಲ್ಲನ್ನು ಒಮ್ಮೆ ತಲೆಕೆಳಗು ಮಾಡಿ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಹಾಗೆಯೇ ಹಿಂದಿನ ಚಕ್ರವನ್ನೂ ಅಲುಗಿಸಿ ನೋಡಲಿ.