ಜಾರಿದ ಗಾಜು, ಮಿಲಿಂದನ ರಥ

ಕಾರಿನ ಬಾಗಿಲ ಗಾಜು ಚಾನೆಲ್ ಬಿಟ್ಟು ಒಳಗೆ ಜಾರಿಬಿದ್ದಾಗ ಮೆಕ್ಯಾನಿಕ್ ಡೋರ್ ಪ್ಯಾಡ್ ಬಿಚ್ಚಿ ನೋಡುತ್ತಾನೆ. ಎಷ್ಟೋ ಸಲ ಒಳಗೆ ಮುರಿದದ್ದು ಒಂದೂ ಇರುವುದಿಲ್ಲ. ಗಾಜು ಇಡಿಯಾಗಿದೆ, ಮೋಟಾರಿಗೆ ಕರೆಂಟ್ ಬರುತ್ತಿದೆ, ರೆಗ್ಯುಲೇಟರ್ ಏರಿ ಇಳಿಯುತ್ತಿದೆ, ರಬ್ಬರ್ ಬೀಡಿಂಗ್ ಇದ್ದಲ್ಲೇ ಇದೆ. ಆದರೂ ಮಳೆ ಬಂದರೆ ಸೀಟು ನೆನೆಯುತ್ತದೆ. ಹಾಗಿದ್ದರೆ ಕಳೆದುಹೋದದ್ದು ಏನು? ಬಿಡಿಭಾಗಗಳನ್ನು ಎಣಿಸಿದರೆ ಲೆಕ್ಕ ಸರಿಯಾಗಿದೆ, ಕಿಟಕಿ ಮಾತ್ರ ಇಲ್ಲ. ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸವಾದ ಇದರೊಳಗೆ ಭಾರತದ ದಾರ್ಶನಿಕರು ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆಯೊಂದು ಅಡಗಿದೆ: ಅವಯವಗಳನ್ನು, ಅಂದರೆ ಬಿಡಿಭಾಗಗಳನ್ನು, ಬಿಟ್ಟು ಅವಯವಿ ಎಂಬ ಇಡಿಯ ವಸ್ತುವೊಂದು ನಿಜವಾಗಿ ಇದೆಯೇ, ಅಥವಾ ಅದು ನಾವು ಇಟ್ಟುಕೊಂಡ ಬರೀ ಹೆಸರೇ? ಜಾರಿದ ಗಾಜು ಈ ಜಗಳದಲ್ಲಿ ಸಾಕ್ಷಿ ಹೇಳಬಲ್ಲದು ಎಂಬುದು ನನ್ನ ವಾದ. ಅದರ ಸಾಕ್ಷ್ಯ ಎರಡೂ ಪಕ್ಷಗಳಿಗೆ ಪೂರ್ತಿ ಹಿತವಾಗಿಲ್ಲ.

ಮೊದಲು ಆ ಬಾಗಿಲಿನ ಒಳಗನ್ನು ಸರಿಯಾಗಿ ನೋಡಬೇಕು. ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಹಳೆಯ ಮಾರುತಿ 800 ಇರಲಿ, ಸ್ವಿಚ್ ಒತ್ತುವ ಈಗಿನ ಕಾರಿರಲಿ, ಏರ್ಪಾಡು ಒಂದೇ. ಗಾಜಿನ ಹಿಂದಿನ ಮುಂದಿನ ಅಂಚುಗಳು ಮೆತ್ತನೆಯ ಒಳಪದರವಿರುವ ರಬ್ಬರ್ ಚಾನೆಲ್‌ಗಳಲ್ಲಿ ಓಡುತ್ತವೆ. ತಳದ ಅಂಚನ್ನು ರೆಗ್ಯುಲೇಟರ್ ಹಿಡಿದಿರುತ್ತದೆ. ಕೆಲವು ಕಾರುಗಳಲ್ಲಿ ಅದು ಅಡ್ಡಡ್ಡ ಕೂಡಿದ ಎರಡು ಉಕ್ಕಿನ ತೋಳು, ಇನ್ನು ಕೆಲವದರಲ್ಲಿ ಕೇಬಲ್ ಎಳೆಯುವ ಪ್ಲಾಸ್ಟಿಕ್ ಸ್ಲೈಡರ್. ಕೆಡುಕು ಶುರುವಾಗುವುದು ಸಾಮಾನ್ಯವಾಗಿ ಚಾನೆಲ್‌ನಲ್ಲಿ. ವರ್ಷಗಳ ಬಿಸಿಲಿಗೆ ರಬ್ಬರ್ ಗಟ್ಟಿಯಾಗುತ್ತದೆ, ಒಳಪದರದಲ್ಲಿ ಧೂಳು ಕೂರುತ್ತದೆ, ಗಾಜು ಬಿಗಿಯಾಗಿ ನಿಧಾನಕ್ಕೆ ಏರತೊಡಗುತ್ತದೆ. ಒಂದು ಪಕ್ಕ ತಡೆದು ಇನ್ನೊಂದು ಪಕ್ಕ ಏರಿದರೆ ಗಾಜು ಓರೆಯಾಗುತ್ತದೆ. ಓಡಿಸುವವರು ಸ್ವಿಚ್ಚನ್ನು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಾರೆ, ಗಟ್ಟಿಯಾಗಿ ಒತ್ತಿದರೆ ಮೋಟಾರಿಗೆ ಬುದ್ಧಿ ಬರುತ್ತದೆ ಎಂಬಂತೆ. ಕೊನೆಗೆ ಅಂಚು ಚಾನೆಲ್‌ನಿಂದ ಹೊರಬರುತ್ತದೆ, ಇಲ್ಲವೇ ತಳದ ಹಿಡಿತ ತಪ್ಪುತ್ತದೆ. ಸರಿಪಡಿಸುವವನು ಪ್ಯಾಡ್ ತೆಗೆದು, ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಬಿಡಿಸಿ, ಬೋಲ್ಟ್ ಸಡಿಲಿಸಿ, ಗಾಜನ್ನು ಎರಡೂ ಚಾನೆಲ್‌ಗೆ ಕೂರಿಸಿ, ತುದಿಯವರೆಗೆ ಏರಿಸಿ, ನೇರವಾಗಿದೆ ಎಂದು ಕಂಡ ಮೇಲೆ ಬಿಗಿ ಮಾಡುತ್ತಾನೆ. ಚಾನೆಲ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ಗ್ರೀಸ್ ಬಳಿದರೆ ಧೂಳು ಅಂಟಿಕೊಂಡು ಮತ್ತೆ ಅದೇ ಕಥೆ. ಹಿಡಿ ಮುರಿದಿದ್ದರೆ ಹೊಸದು ಬೇಕು ನಿಜ. ಏನೂ ಮುರಿಯದ ಪ್ರಸಂಗವೇ ನಮಗೆ ಮುಖ್ಯ, ಏಕೆಂದರೆ ಅಲ್ಲಿ ಮೆಕ್ಯಾನಿಕ್ ಒಂದು ವಸ್ತುವನ್ನೂ ಸೇರಿಸದೆ ಇಲ್ಲದಿದ್ದ ಕಿಟಕಿಯನ್ನು ಇರುವಂತೆ ಮಾಡಿದ್ದಾನೆ.

ಈಗ ಮಿಲಿಂದನ ಕಡೆ ಬರೋಣ. ಕ್ರಿ.ಪೂ. 2ನೇ ಶತಮಾನದ ಯವನ ರಾಜ ಮೆನಾಂಡರನೇ ಪಾಲಿಯ ‘ಮಿಲಿಂದಪಞ್ಹ’ದ ಮಿಲಿಂದ. ಬೌದ್ಧ ಭಿಕ್ಷು ನಾಗಸೇನ ಅವನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಮೂಕಿ ರಥವೇ? ಅಚ್ಚು ರಥವೇ? ಗಾಲಿ, ನೊಗ, ಲಗಾಮು? ಪ್ರತಿಯೊಂದಕ್ಕೂ ರಾಜ ಇಲ್ಲ ಎನ್ನುತ್ತಾನೆ. ಇವೆಲ್ಲ ಕೂಡಿದ್ದು ರಥವೇ, ಇವನ್ನು ಬಿಟ್ಟ ಬೇರೊಂದು ರಥವೇ ಎಂದರೂ ಇಲ್ಲ. ಕೊನೆಗೆ, ಈ ಭಾಗಗಳನ್ನು ಆಶ್ರಯಿಸಿ ರಥ ಎಂಬ ವ್ಯವಹಾರದ ಹೆಸರು ಹುಟ್ಟುತ್ತದೆ ಎಂದು ರಾಜನೇ ಒಪ್ಪುತ್ತಾನೆ. ನಾಗಸೇನ ಎಂಬ ವ್ಯಕ್ತಿಯೂ ಹಾಗೆಯೇ ಎಂಬುದು ಭಿಕ್ಷುವಿನ ತೀರ್ಮಾನ. ವಾದ ಚುರುಕಾಗಿದೆ. ಆದರೆ ಅದು ಓಡುತ್ತಿದ್ದ ರಥವನ್ನು ತೆಗೆದುಕೊಂಡು ಮನಸ್ಸಿನಲ್ಲೇ ಬಿಡಿಸುತ್ತದೆ. ಕೆಟ್ಟು ನಿಂತ ಸಾಧನವನ್ನು ತೆಗೆದುಕೊಂಡಿದ್ದರೆ ತೊಡಕು ಕಾಣುತ್ತಿತ್ತು. ಜಾರುವ ಮೊದಲೂ ಆಮೇಲೂ ಭಾಗಗಳು ಅವೇ, ಅವುಗಳನ್ನು ಕರೆಯುವ ಹೆಸರುಗಳೂ ಅವೇ. ಬದಲಾದದ್ದು ಭಾಗಗಳಲ್ಲೂ ಇಲ್ಲ, ಹೆಸರಿನಲ್ಲೂ ಇಲ್ಲ. ಹೆಸರನ್ನು ಸ್ಪ್ಯಾನರಿನಿಂದ ಬಿಗಿ ಮಾಡಲು ಬರುವುದಿಲ್ಲ. ಮೆಕ್ಯಾನಿಕ್ ಬಿಗಿ ಮಾಡಿದ್ದು ಇನ್ನೇನನ್ನೋ.

ಅದೇನೆಂಬುದಕ್ಕೆ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಒರೆಗಲ್ಲಿದೆ. ಅವಯವಿ ಇದೆ ಎನ್ನುವುದಕ್ಕೆ ಸೂತ್ರಕಾರ ಗೌತಮ (ಬುದ್ಧನಲ್ಲ) ಕೊಡುವ ಕಾರಣಗಳಲ್ಲೊಂದು ಧಾರಣ ಮತ್ತು ಆಕರ್ಷಣ: ಒಂದು ತುದಿ ಹಿಡಿದರೆ ಇಡಿಯದು ನಿಲ್ಲುತ್ತದೆ, ಒಂದು ಕಡೆ ಎಳೆದರೆ ಇಡಿಯದು ಬರುತ್ತದೆ. ರೆಗ್ಯುಲೇಟರ್ ತಳದ ಅಂಚನ್ನಷ್ಟೇ ಎತ್ತಿದರೂ ಗಾಜಿನ ನೆತ್ತಿ ಮೇಲೇರುತ್ತದಲ್ಲ, ಅದೇ ಇದು. ಹಿಡಿತ ತಪ್ಪಿದಾಗ ಮೋಟಾರ್ ತಿರುಗುತ್ತಲೇ ಇರುತ್ತದೆ, ಗಾಜು ಬರುವುದಿಲ್ಲ. ಹೆಚ್ಚಿನ ಸ್ವಾರಸ್ಯವಿರುವುದು ಈ ಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ. ಅವನು ತನ್ನದೇ ಪಕ್ಷದ ಈ ಕಾರಣವನ್ನು ತಡೆದು ಪ್ರಶ್ನಿಸುತ್ತಾನೆ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಯನ್ನೂ ಹಿಡಿದು ಎಳೆಯಬಹುದು. ಅಲ್ಲಿ ಹೊಸ ವಸ್ತುವೇನೂ ಹುಟ್ಟಿಲ್ಲ. ಹಾಗಾದರೆ ಎಳೆತಕ್ಕೆ ಬೇಕಾದದ್ದು ಅಂಟು ಮಾತ್ರ ಎಂದಾಗುತ್ತದೆ. ತಮ್ಮ ಸಿದ್ಧಾಂತಕ್ಕೆ ತಾವೇ ಇಷ್ಟು ಕಠಿಣರಾಗುವ ಭಾಷ್ಯಕಾರರು ಹೆಚ್ಚಿಲ್ಲ. ಈ ಆಕ್ಷೇಪಕ್ಕೂ ನಮ್ಮ ಬಾಗಿಲಿಗೂ ನೇರ ಸಂಬಂಧವಿದೆ: ಹಲವು ಕಾರುಗಳಲ್ಲಿ ಗಾಜನ್ನು ತಳದ ಹಿಡಿಗೆ ಸೇರಿಸಿರುವುದೇ ಅಂಟು. ಆದರೆ ಇದರಿಂದ ಬೌದ್ಧರಿಗೆ ಲಾಭವಿಲ್ಲ. ಎಳೆತಕ್ಕೆ ಹೊಸ ದ್ರವ್ಯ ಬೇಕಿಲ್ಲ ಎಂದು ಒಪ್ಪಿದರೂ, ಅಂಟಿಸಿದ ಕಟ್ಟಿಗೆಗೂ ಅಂಟಿಸದ ರಾಶಿಗೂ ಇರುವ ವ್ಯತ್ಯಾಸ ನಿಜವಾದದ್ದೆಂದು ಒಪ್ಪಿದಂತೆಯೇ ಆಯಿತು.

ಬೌದ್ಧರಲ್ಲಿ ಹರಿತ ಬುದ್ಧಿಯ ಚಂದ್ರಕೀರ್ತಿಯ ಆಕ್ಷೇಪ ಇನ್ನೂ ಉಳಿದಿದೆ. ರಥ ಎಂದರೆ ಭಾಗಗಳ ರಾಶಿಯಲ್ಲ, ಜೋಡಣೆಯ ಆಕಾರ ಎಂದು ಯಾರಾದರೂ ಹೇಳಿದರೆ ಅವನು ಅದನ್ನೂ ಬಿಡುವುದಿಲ್ಲ: ಜೋಡಿಸುವ ಮೊದಲು ಗಾಲಿಗೆ ಇದ್ದ ಆಕಾರವೇ ಆಮೇಲೂ ಇದೆ, ಮೊದಲು ಇಲ್ಲದ ರಥ ಈಗ ಎಲ್ಲಿಂದ ಬಂತು? ಆಕಾರದ ಮಟ್ಟಿಗೆ ಇದು ಸರಿ. ಚಾನೆಲ್‌ನಿಂದ ಬೆರಳಗಲ ಸರಿದ ಗಾಜಿನ ಆಕಾರ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ಎರಡು ವಸ್ತುಗಳ ನಡುವಿನ ಹಿಡಿತವನ್ನು ಒಂದೊಂದೇ ವಸ್ತುವಿನೊಳಗೆ ಹುಡುಕಿ, ಸಿಗಲಿಲ್ಲ ಎನ್ನುವುದು ಹುಡುಕಾಟದ ದೋಷ. ಕಿಟಕಿ ಎಂಬುದೇ ನಮ್ಮ ಪ್ರಯೋಜನಕ್ಕೆ ನಾವು ಕಟ್ಟಿಕೊಂಡದ್ದು, ಜಗತ್ತಿಗೆ ಅದರ ಗೊಡವೆಯಿಲ್ಲ ಎಂದೂ ಹೇಳಬಹುದು. ಪ್ರಯೋಜನ ನಮ್ಮದು, ಒಪ್ಪಿದೆ. ಅದು ಈಡೇರಿತೋ ಇಲ್ಲವೋ ಎಂಬುದು ಮಾತ್ರ ನಮ್ಮ ಇಚ್ಛೆಗೆ ಬಿಟ್ಟದ್ದಲ್ಲ. ಗಾಜು ಏರಿದೆ ಎಂದು ಊರೆಲ್ಲ ಸೇರಿ ಠರಾವು ಮಾಡಿದರೂ ಮಳೆನೀರು ಒಳಗೆ ಬರುತ್ತದೆ.

ಹಾಗೆಂದು ನ್ಯಾಯಸೂತ್ರವನ್ನು ಅನುಸರಿಸುವ ನೈಯಾಯಿಕರ ಮಾತನ್ನು ಇಡಿಯಾಗಿ ಒಪ್ಪಲಾಗದು. ಅವಯವಿ ಅವರ ಪಾಲಿಗೆ ಅವಯವಗಳಿಗಿಂತ ಬೇರೆಯೇ ಆದ ದ್ರವ್ಯ. ಸಮವಾಯ ಎಂಬ ಸಂಬಂಧದಿಂದ ಅವುಗಳಲ್ಲಿ ನೆಲೆಸಿರುತ್ತದೆ. ಒಂದು ಭಾಗ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟಬೇಕು. ಈ ಲೆಕ್ಕದಲ್ಲಿ ಗಾಜು ಬದಲಿಸಿದ ಕಾರು ಬೇರೆ ಕಾರಾಗುತ್ತದೆ. ಆರ್‌ಸಿಯಲ್ಲಿ ಷಾಸಿ ಮತ್ತು ಎಂಜಿನ್ ನಂಬರು ಬರೆಯುವ ಆರ್‌ಟಿಒ ಕಚೇರಿಗೂ ಅಷ್ಟು ದೂರ ಹೋಗುವ ಧೈರ್ಯವಿಲ್ಲ. ಸಮವಾಯಕ್ಕೆ ಶಂಕರರು ಹೇಳಿದ ತೊಡಕೂ ಇದೆ: ಎರಡನ್ನು ಕೂಡಿಸುವ ಸಮವಾಯವನ್ನು ಆ ಎರಡಕ್ಕೆ ಕೂಡಿಸಲು ಇನ್ನೊಂದು ಸಂಬಂಧ ಬೇಕು, ಅದಕ್ಕೆ ಮತ್ತೊಂದು. ಉಡುಪಿಯ ಮಧ್ವರೂ ಸಮವಾಯವನ್ನು ಒಪ್ಪಲಿಲ್ಲ. ಆದರೆ ಸಂಬಂಧವೇ ಸುಳ್ಳು ಎನ್ನುವ ಕಡೆಗೆ ಅವರು ಹೋಗಲಿಲ್ಲ. ವಸ್ತು ಉಳಿದು ಅದರ ಧರ್ಮ (ಗುಣ) ಮಾತ್ರ ಹೋಗುವಂತಿದ್ದರೆ ಅವೆರಡರ ನಡುವೆ ಭೇದವೂ ಇದೆ, ಅಭೇದವೂ ಇದೆ ಎಂಬುದು ಮಧ್ವರ ಅನುಯಾಯಿಗಳಾದ ದ್ವೈತಿಗಳ ನಿಲುವು. ನಮ್ಮ ಬಾಗಿಲಿಗೆ ನನ್ನ ಮಟ್ಟಿಗೆ ಹೆಚ್ಚು ಹೊಂದುವುದು ಇದೇ. ಕಿಟಕಿ ಆ ಭಾಗಗಳೇ ಹೌದು, ಏಕೆಂದರೆ ಅವನ್ನು ಬಿಟ್ಟು ಬೇರೆಲ್ಲೂ ಅದಿಲ್ಲ. ಬರೀ ಆ ಭಾಗಗಳಲ್ಲ, ಏಕೆಂದರೆ ಅವಿದ್ದೂ ಅದಿಲ್ಲದಿರಬಹುದು.

ನಾಗಸೇನನ ಗುರಿ ರಥವಾಗಿರಲಿಲ್ಲ, ಆತ್ಮವಾಗಿತ್ತು. ಮೇಲಿನ ವಾದ ರಥದೊಳಗೆ ಸವಾರನಂತೆ ಕೂತ ಆತ್ಮವನ್ನೇನೂ ಸಾಧಿಸಿಕೊಡುವುದಿಲ್ಲ. ರೂಪ, ವೇದನೆ, ಸಂಜ್ಞೆ ಎಂದು ವ್ಯಕ್ತಿಯ ಘಟಕಗಳಾದ ಸ್ಕಂಧಗಳನ್ನು ಎಣಿಸಿ ಮುಗಿಸಿದಾಗ ವ್ಯಕ್ತಿಯನ್ನೂ ಎಣಿಸಿ ಮುಗಿಸಿದೆವು ಎಂಬ ಧೈರ್ಯವನ್ನಷ್ಟೇ ಅದು ಕಿತ್ತುಕೊಳ್ಳುತ್ತದೆ. ಎಲ್ಲವೂ ಒಂದನ್ನೊಂದು ಆಶ್ರಯಿಸಿ ಹುಟ್ಟುತ್ತವೆ ಎಂದು ಬೋಧಿಸಿದ ಧರ್ಮಕ್ಕೆ ಆ ಆಶ್ರಯವನ್ನೇ ನಿಜವೆಂದು ಒಪ್ಪುವುದು ಕಷ್ಟವಾಗಬೇಕಿರಲಿಲ್ಲ. ಮಿಲಿಂದ ಅಷ್ಟು ಬೇಗ ಸೋಲೊಪ್ಪಿಕೊಳ್ಳಬಾರದಿತ್ತು. ಕುದುರೆ ಎಳೆದಾಗ ಇಡೀ ರಥ ಜೊತೆಗೆ ಬಂತಲ್ಲ, ಅದು ಹೇಗೆ ಎಂದು ಅವನು ಭಿಕ್ಷುವನ್ನು ತಿರುಗಿ ಕೇಳಬೇಕಿತ್ತು.