ನೆನಪಿನಲ್ಲಿ ಉಳಿಯದ ಸುಖ

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ಕಟ್ಟಿದವರು ನೆರೆಮನೆಯವರೇ ಇರಬೇಕು. ಎರಡು ವರ್ಷದ ಮಗುವಿರುವ ಮನೆಗೆ ಹೋದವರಿಗೆ ಅದರ ಅರ್ಥ ಬೇಗ ತಿಳಿಯುತ್ತದೆ. ಕಾಫಿ ಬರುವುದಕ್ಕೆ ಮುಂಚೆಯೇ ಮಗುವಿನ ಪ್ರತಾಪಗಳ ವರದಿ ಬರುತ್ತದೆ. ನಿನ್ನೆ ಅದು ತಾತನ ಕನ್ನಡಕವನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟಿತಂತೆ. ಇವತ್ತು ಬೆಳಿಗ್ಗೆ ಅಪ್ಪನ ಚಪ್ಪಲಿಗಳನ್ನು ಎಡಬಲ ಅದಲುಬದಲು ಮಾಡಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ಎಲ್ಲರಿಗೂ ‘ಟಾಟಾ’ ಹೇಳಿತಂತೆ. ಚಂದ್ರನನ್ನು ಕಂಡು ‘ದೋಸೆ’ ಎಂದಿತಂತೆ. ಹೇಳುವವರ ಮುಖ ಅರಳುತ್ತದೆ, ಕೇಳುವವರೂ ನಗುತ್ತಾರೆ, ಆದರೆ ಅವರ ಕಣ್ಣು ಮೆಲ್ಲಗೆ ಗಡಿಯಾರದ ಕಡೆಗೆ ಹೋಗುತ್ತದೆ. ತಪ್ಪು ಯಾರದೂ ಅಲ್ಲ. ಈ ಸುಖಗಳು ಹೇಳಿದರೆ ಸವೆದುಹೋಗುವಂಥವು. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವುದರೊಳಗೆ ಅವುಗಳ ಬಿಸಿ ಆರಿರುತ್ತದೆ.

ಸಣ್ಣ ಸುಖಗಳು ಎಂದ ಮಾತ್ರಕ್ಕೆ ಅವುಗಳ ವಿಚಾರವೂ ಸಣ್ಣದೆಂದು ತಿಳಿಯಬೇಕಾಗಿಲ್ಲ. ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಈ ಮಗು ದೊಡ್ಡದಾದ ಮೇಲೆ ಇದರಲ್ಲಿ ಯಾವುದನ್ನು ನೆನಪಿಟ್ಟುಕೊಳ್ಳುತ್ತದೆ? ಯಾವುದನ್ನೂ ಇಲ್ಲ. ಬೆಳೆದವರನ್ನು ವಿಚಾರಿಸಿದರೆ ಅವರ ಮೊಟ್ಟಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಸುಮಾರಿನದಾಗಿರುತ್ತದೆ. ಅದಕ್ಕೆ ಹಿಂದಿನದೆಲ್ಲ ಕತ್ತಲೆ. ಶೈಶವದ ಈ ಮರೆವನ್ನು ಕುರಿತು ಫ್ರಾಯ್ಡ್ 1905ರಲ್ಲಿಯೇ ಚರ್ಚಿಸಿದ್ದ. ವಿಚಿತ್ರವೆಂದರೆ, ಎರಡು ವರ್ಷದ ಕೂಸಿಗೆ ನೆನಪಿನ ಶಕ್ತಿಯೇ ಇಲ್ಲವೆಂದಲ್ಲ. ಹೋದ ತಿಂಗಳು ಬಂದಿದ್ದ ಅತ್ತೆ ಯಾವ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟರೆಂಬುದು ಅದಕ್ಕೆ ಚೆನ್ನಾಗಿ ನೆನಪಿರುತ್ತದೆ. ಬೆಳೆಯುತ್ತ ಬೆಳೆಯುತ್ತ ಆ ನೆನಪುಗಳು ಅಳಿಸಿಹೋಗುತ್ತವೆ. ಕೆನಡಾದ ಟೊರಾಂಟೊ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಕಾರಣ ಕಂಡುಬಂತು. ಎಳೆಯ ಮಿದುಳಿನಲ್ಲಿ ನೆನಪನ್ನು ಕಾಪಾಡುವ ಭಾಗದೊಳಕ್ಕೆ ಹೊಸ ನರಕೋಶಗಳು ಬಹಳ ವೇಗವಾಗಿ ಸೇರುತ್ತಿರುತ್ತವೆ; ಆ ಹೊಸಬರ ಗದ್ದಲದಲ್ಲಿ ಹಳೆಯ ನೆನಪಿನ ಜಾಡುಗಳು ಕದಡಿಹೋಗುತ್ತವೆ. ಮರಿಗಳಲ್ಲಿ ಹೊಸ ಕೋಶಗಳ ಹುಟ್ಟನ್ನು ತಗ್ಗಿಸಿದಾಗ ಅವುಗಳ ನೆನಪು ಹೆಚ್ಚು ದಿನ ಉಳಿಯಿತು. ಇಲಿಯ ಮಾತನ್ನು ಹಾಗೆಯೇ ಮನುಷ್ಯನಿಗೆ ಹೇಳಬಾರದೇನೋ ನಿಜ. ಆದರೂ ಬೆಳವಣಿಗೆಗೆ ತೆರುವ ಬೆಲೆಯೇ ಮರೆವು ಎಂಬ ವಿಚಾರ ಯೋಚಿಸತಕ್ಕದ್ದಾಗಿದೆ.

ಮಗು ಮರೆಯಲಿ, ಹೆತ್ತವರಾದರೂ ನೆನಪಿಡುತ್ತಾರಲ್ಲ ಎನ್ನಬಹುದು. ಅದೂ ಅಷ್ಟು ಭದ್ರವಾದ ಮಾತಲ್ಲ. ಮೂರು ಮಕ್ಕಳನ್ನು ಸಾಕಿದ ತಾಯಿಯನ್ನು ಕೇಳಿ ನೋಡಿ. ಚಂದ್ರನನ್ನು ದೋಸೆ ಎಂದದ್ದು ಯಾರೆಂದು ಹೇಳಲು ಅವರು ತಡವರಿಸುತ್ತಾರೆ. ‘ನೀನಲ್ಲ ಕಣೋ, ನಿಮ್ಮಣ್ಣ ಇರಬೇಕು’ ಎಂದು ಹೇಳಿ, ಮತ್ತೆ ಅನುಮಾನಿಸುತ್ತಾರೆ. ದಿನಕ್ಕೆ ನೂರು ಬಾರಿಯಂತೆ ಬಂದುಹೋದ ಸುಖಗಳಲ್ಲಿ ಕೈಯಲ್ಲಿ ಉಳಿದದ್ದು ನಾಲ್ಕೈದು ಕಥೆಗಳು; ಅವೂ ಹೇಳಿ ಹೇಳಿ ನುಣುಪಾದವು. ಹಾಗಾದರೆ ಉಳಿದವು ಏನಾದವು? ಯಾರ ನೆನಪಿನಲ್ಲೂ ಇಲ್ಲದ ಸುಖ ವ್ಯರ್ಥವಾಯಿತೆ?

ಇಂದಿನ ಮನೆಗಳು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿವೆ. ಅದು ಅಂಗೈಯಲ್ಲಿರುವ ಫೋನು. ಹಿಂದೆ ಮಗುವಿಗೆ ವರ್ಷ ತುಂಬಿದಾಗ ಕಣ್ಣಿಗೆ ಕಾಡಿಗೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಸ್ಟುಡಿಯೋಗೆ ಕರೆದೊಯ್ದು ಒಂದು ಫೋಟೋ ತೆಗೆಸುತ್ತಿದ್ದರು. ಕರಿಯ ಬಟ್ಟೆಯೊಳಗೆ ತಲೆ ತೂರಿಸಿದ ಮನುಷ್ಯನನ್ನು ಕಂಡು ಮಗು ಹಾಕಿದ ಅಳುಮೋರೆಯೂ ಅದರಲ್ಲಿ ಮೂಡಿರುತ್ತಿತ್ತು. ಈಗ ಒಂದು ಭಾನುವಾರದಲ್ಲಿ ಐವತ್ತು ಚಿತ್ರಗಳಾಗುತ್ತವೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೂರದೂರಿನಲ್ಲಿರುವ ಅಜ್ಜಿಗೆ ಮೊಮ್ಮಗಳು ಕುಣಿಯುವುದನ್ನು ಅಂದೇ ಸಂಜೆ ತೋರಿಸಬಲ್ಲ ಯಂತ್ರವನ್ನು ಹಳಿಯುವವನು ಅಜ್ಜಿಯ ಮನಸ್ಸನ್ನು ತಿಳಿಯದವನು. ಆದರೆ ಮಗು ತಾನಾಗಿ ಕುಣಿದಾಗ ‘ತಡಿ ತಡಿ, ಇನ್ನೊಂದು ಸಲ ಮಾಡು’ ಎಂದು ಫೋನನ್ನು ಹುಡುಕುವಾಗ ಏನೋ ಒಂದು ಪಲ್ಲಟವಾಗುತ್ತದೆ. ಮಗು ನಮ್ಮ ಮುಖವನ್ನು ನೋಡಿ ಕುಣಿದಿತ್ತು. ಎರಡನೆಯ ಸಲ ಅದರ ಎದುರಿಗಿರುವುದು ಒಂದು ಗಾಜಿನ ಹಲಗೆ. ನಾವು ಮುಂದೊಂದು ದಿನ ನೋಡುವುದಕ್ಕಾಗಿ ಈಗ ನೋಡುವುದನ್ನು ಬಿಟ್ಟಿರುತ್ತೇವೆ.

ಇದರ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಸುಖವೆಂಬುದು ಕೂಡಿಡಬೇಕಾದ ಹಣ, ಕೂಡಿಡದಿದ್ದರೆ ನಷ್ಟ, ಎಂಬುದು ಆ ನಂಬಿಕೆ. ಅದು ಸರಿಯೆ? ನಡೆಯಲು ಕಲಿತ ದಿನ ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಆದರೂ ನಡೆಯುತ್ತೇವೆ. ಮೊದಲ ಕನ್ನಡದ ಮಾತನ್ನು ಯಾರ ಬಾಯಿಂದ ಕೇಳಿದೆವೋ ತಿಳಿಯದು. ಆದರೂ ಕಾಲೆಡವಿದಾಗ ‘ಅಮ್ಮಾ’ ಎನ್ನುವುದು ಆ ಭಾಷೆಯಲ್ಲೇ. ಕಲಿಸಿದ ಗಳಿಗೆ ಮರೆತುಹೋಗಿದೆ, ಕಲಿತದ್ದು ಮೈಯಲ್ಲಿ ಉಳಿದಿದೆ. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ‘ಅಮ್ಮ ಎಲ್ಲಿ?’ ಎಂದು ಕೇಳಿ, ಸೆರಗು ಸರಿಸಿ ‘ಇಲ್ಲಿ!’ ಎನ್ನುತ್ತಾಳೆ. ಮಗು ಕೇಕೆ ಹಾಕುತ್ತದೆ. ಹತ್ತನೆಯ ಸಲವೂ ಹಾಗೆಯೇ ಕೇಕೆ ಹಾಕುತ್ತದೆ. ಮರೆಯಾದವರು ಮರಳಿ ಬರುತ್ತಾರೆ, ಕರೆದರೆ ಓಗೊಡುವವರಿದ್ದಾರೆ, ಬಿದ್ದರೆ ಎತ್ತುವ ಕೈಯುಂಟು ಎಂಬ ಪಾಠವನ್ನು ಅದು ಹೀಗೆ ಕಲಿಯುತ್ತಿರುತ್ತದೆ. ಮುಂದೆ ಮೂವತ್ತು ವರ್ಷದವನಾದಾಗ ಅವನಿಗೆ ಆ ಸೆರಗಿನ ಬಣ್ಣ ನೆನಪಿರುವುದಿಲ್ಲ. ಲೋಕದ ಮೇಲಿನ ನಂಬಿಕೆಯೊಂದು ಮಾತ್ರ ಅವನಲ್ಲಿರುತ್ತದೆ. ಅದು ಎಲ್ಲಿಂದ ಬಂತೆಂದು ಅವನು ಹೇಳಲಾರ.

ನಮ್ಮ ಹಿಂದಿನವರು ಈ ಮರೆವನ್ನು ನಷ್ಟವೆಂದು ಎಣಿಸಿದಂತೆ ತೋರುವುದಿಲ್ಲ. ಭಾಗವತದ ದಶಮಸ್ಕಂಧದಲ್ಲಿ ಯಶೋದೆ, ಮಣ್ಣು ತಿಂದನೆಂಬ ದೂರಿನ ಮೇಲೆ ಮಗನ ಬಾಯಿ ತೆರೆಸುತ್ತಾಳೆ. ಅಲ್ಲಿ ಸಮಸ್ತ ಬ್ರಹ್ಮಾಂಡವೂ ಕಾಣುತ್ತದೆ. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಂಡದ್ದನ್ನು ಆಕೆ ಕೂಡಲೇ ಮರೆಯುತ್ತಾಳೆ. ಮರೆತು, ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಆ ಮರೆವು ಭಗವಂತನ ಮಾಯೆ ಎನ್ನುತ್ತದೆ ಪುರಾಣ. ಆ ಮಾಯೆಯ ಸ್ವರೂಪವೇ ಪುತ್ರಸ್ನೇಹ. ಎಂಥ ದರ್ಶನವಾಗಿದ್ದರೇನು, ಅದನ್ನು ನೆನಪಿನಲ್ಲಿಟ್ಟುಕೊಂಡು ಕೈಮುಗಿದು ನಿಂತರೆ ಮಗುವಿನ ಮೂಗು ಒರೆಸುವವರು ಯಾರು? ಮುಂದಿನ ಅಧ್ಯಾಯದಲ್ಲಿಯೇ ಆಕೆ ಅದೇ ಮಗನನ್ನು ಒರಳಿಗೆ ಕಟ್ಟುತ್ತಾಳೆ. ಮರೆತಿದ್ದರಿಂದಲೇ ಆಕೆ ತಾಯಿಯಾಗಿ ಉಳಿದಳು.

ಇಷ್ಟು ಹೇಳಿ ಸುಮ್ಮನಾದರೆ ಒಂದು ಅನ್ಯಾಯವಾಗುತ್ತದೆ. ಮಗುವಿನ ಸುಖದ ಬಗ್ಗೆ ಚೆನ್ನಾಗಿ ಮಾತನಾಡುವವರು ಬಹುಮಟ್ಟಿಗೆ ಅದರ ಕೆಲಸವನ್ನು ಕಡಿಮೆ ಮಾಡುವವರು. ಸಂಜೆ ಏಳಕ್ಕೆ ಕಚೇರಿಯಿಂದ ಬರುವ ತಂದೆಯ ಪಾಲಿಗೆ ಸ್ನಾನ ಮಾಡಿ ಪೌಡರು ಹಚ್ಚಿಕೊಂಡ, ನಗುವ ಮಗು ಸಿಗುತ್ತದೆ. ಹಗಲೆಲ್ಲ ಅತ್ತು, ಅನ್ನದ ತಟ್ಟೆಯನ್ನು ತಳ್ಳಿ, ಹಾಸಿಗೆ ಒದ್ದೆ ಮಾಡಿದ ಮಗು ತಾಯಿಯ ಪಾಲಿನದು; ಇಲ್ಲವೆ ಅಜ್ಜಿಯ, ಆಯಾಳ ಪಾಲಿನದು. ಒಂದೇ ಮಗುವನ್ನು ಹೀಗೆ ಎರಡಾಗಿ ಸೀಳಿ, ಸಿಹಿಯನ್ನು ಒಬ್ಬರೂ ಕಹಿಯನ್ನು ಇನ್ನೊಬ್ಬರೂ ತೆಗೆದುಕೊಳ್ಳುವುದು ನ್ಯಾಯವಲ್ಲ. ಅಷ್ಟೇ ಅಲ್ಲ, ಸಿಹಿಯ ಪಾಲು ಪಡೆದವನಿಗೂ ಅದರಲ್ಲಿ ನಷ್ಟವೇ. ಏಕೆಂದರೆ ಈ ಸುಖಗಳು ಬಿಡುವಿನಲ್ಲಿ ಬರುವಂಥವಲ್ಲ. ಕೆಲಸದ ನಡುವೆ ಬರುವಂಥವು. ತಲೆಗೆ ನೀರು ಹೊಯ್ಯುವಾಗ ಚೊಂಬನ್ನು ಕಸಿದುಕೊಂಡು ‘ನಾನು, ನಾನು’ ಎನ್ನುತ್ತದೆ. ಮೂರನೆಯ ಸಲ ನೆಲ ಒರೆಸುವಾಗ ಅದೂ ಒಂದು ಬಟ್ಟೆ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒರೆಸುತ್ತದೆ. ಇವು ಒರೆಸುವವರಿಗೆ ಸಿಗುತ್ತವೆ. ಸೋಫಾದ ಮೇಲೆ ಕುಳಿತು ಮಗುವನ್ನು ‘ಇಲ್ಲಿ ಬಾ’ ಎಂದು ಕರೆಯುವವರಿಗೆ ಸಿಗುವುದಿಲ್ಲ.

ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಪುಸ್ತಕ ಕನ್ನಡಿಗರಿಗೆ ಪರಿಚಿತವಾದದ್ದು. ಕೂಸನ್ನು ಕುರಿತ ತ್ರಿಪದಿಗಳು ನಮ್ಮ ಹೆಂಗಸರ ಬಾಯಲ್ಲಿ ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಹಗ್ಗ ಹಿಡಿದ ಕೈಗಳಲ್ಲಿ. ತೋಳು ಸೋಲುತ್ತಿದ್ದಾಗ ಆ ಹಾಡು ಬಂತು. ಇದರಿಂದ, ‘ನೋಡಿ, ಹೆಂಗಸರು ದುಡಿಯುತ್ತಲೇ ಸುಖವಾಗಿದ್ದರು’ ಎಂದು ತೀರ್ಮಾನಿಸುವುದು ಗಂಡಸರಿಗೆ ಅನುಕೂಲವಾದ ತರ್ಕ. ಸರಿಯಾದ ತೀರ್ಮಾನ ಬೇರೆ. ಹಾಡು ಬೇಕೆನ್ನುವವರು ಕಲ್ಲಿನ ಗೂಟಕ್ಕೂ ಒಂದು ಕೈ ಹಾಕಬೇಕು.

ಆದರೆ ಮನೆಯಲ್ಲಿರಲು ಸಾಧ್ಯವೇ ಇಲ್ಲದವರ ಗತಿಯೇನು? ನಗರಗಳಲ್ಲಿ ಗಂಡಹೆಂಡಿರಿಬ್ಬರೂ ದುಡಿಯದೆ ಬಾಡಿಗೆ ಕಟ್ಟಲಾಗದ ಮನೆಗಳೇ ಅನೇಕ. 2017ರ ಕಾನೂನು ತಿದ್ದುಪಡಿಯಿಂದ, ನೌಕರಿಯಲ್ಲಿರುವ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ ದೊರೆಯುವ ಸಂಬಳಸಹಿತ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಒಳ್ಳೆಯದೇ ಆಯಿತು. ಆದರೆ 26 ವಾರವೆಂದರೆ ಆರು ತಿಂಗಳು. ಮಗು ಹೆಜ್ಜೆಯಿಡುವುದು ವರ್ಷದ ಸುಮಾರಿಗೆ. ಮೊದಲ ಹೆಜ್ಜೆಯನ್ನು ಕಂಡವಳು ಶಿಶುವಿಹಾರದ ಆಯಾ ಆಗಿರಬಹುದು. ಅವಳು ತಿಳಿದವಳಾದರೆ ಆ ಸುದ್ದಿಯನ್ನು ಬಾಯಿಬಿಡುವುದಿಲ್ಲ. ಮಾರನೆಯ ದಿನ ತಾಯಿಯೇ ಕಂಡು ‘ಇವತ್ತೇ ಮೊದಲು’ ಎಂದು ಸಂಭ್ರಮಿಸಲಿ ಎಂದು ಬಿಡುತ್ತಾಳೆ. ಆ ತಾಯಿ ವಂಚಿತಳಾದಳೆ? ಮೊದಲನೆಯದೆಂಬುದಕ್ಕೆ ನಾವು ಅತಿಯಾದ ಬೆಲೆ ಕಟ್ಟಿದ್ದೇವೆ. ಮಗುವಿಗೆ ಅದು ಮೊದಲ ಹೆಜ್ಜೆಯೋ ಹದಿನೈದನೆಯದೋ ಗೊತ್ತಿಲ್ಲ. ಅದು ಬಯಸುವುದು ಎದುರಿಗೆ ಚಾಚಿದ ಎರಡು ಕೈಗಳನ್ನು.

ಕಾಳಿದಾಸನ ‘ಶಾಕುಂತಲ’ದ ಏಳನೆಯ ಅಂಕದಲ್ಲಿ ದುಷ್ಯಂತ ಬಹಳ ತಡವಾಗಿ ಬರುತ್ತಾನೆ. ಶಾಪದ ಮರೆವಿಗೆ ಸಿಕ್ಕಿ ಅವನು ಮಗನ ಹುಟ್ಟನ್ನು ಕಾಣಲಿಲ್ಲ, ತೊದಲನ್ನು ಕೇಳಲಿಲ್ಲ. ಆಶ್ರಮದಲ್ಲಿ ಸಿಂಹದ ಮರಿಯ ಬಾಯಿ ಬಿಡಿಸಿ ಹಲ್ಲೆಣಿಸಹೊರಟ ಹುಡುಗನೊಬ್ಬ ಅವನ ಕಣ್ಣಿಗೆ ಬೀಳುತ್ತಾನೆ. ತನ್ನ ಮಗನೆಂದು ಅವನಿಗಿನ್ನೂ ತಿಳಿದಿಲ್ಲ. ತಿಳಿಯುವ ಮೊದಲೇ ಮನಸ್ಸು ಕರಗುತ್ತದೆ. ಮೈಯೆಲ್ಲ ಧೂಳು ಮಾಡುವ ಇಂಥ ಮಗುವನ್ನು ಎತ್ತಿಕೊಳ್ಳುವವರೇ ಭಾಗ್ಯವಂತರೆಂದು ಹಂಬಲಿಸುತ್ತಾನೆ. ಕವಿ ಇಲ್ಲಿ ಎರಡು ಮಾತನ್ನು ಸೂಚಿಸಿದಂತಿದೆ. ಈ ಸುಖ ‘ನನ್ನದು’ ಎಂಬ ಹಕ್ಕಿನಿಂದ ಹುಟ್ಟುವುದಲ್ಲ ಎಂಬುದು ಒಂದು. ಕಳೆದ ವರ್ಷಗಳು ಕಳೆದೇ ಹೋದರೂ ಎದುರಿಗಿರುವ ಮಗುವಿಗೆ ತಡವಾಗಿಲ್ಲ ಎಂಬುದು ಇನ್ನೊಂದು.

ಕೊನೆಯದಾಗಿ, ಹೇಳಲು ಕಷ್ಟವಾದ ಒಂದು ಮಾತಿದೆ. 1960ರ ಸುಮಾರಿನಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 200ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವುದಕ್ಕೆ ಮುಂಚೆಯೇ ತೀರಿಹೋಗುತ್ತಿದ್ದವು. ಲಸಿಕೆಯಿಂದ, ಶುದ್ಧವಾದ ನೀರಿನಿಂದ, ಭೇದಿಯಾದಾಗ ಕುಡಿಸುವ ಉಪ್ಪುಸಕ್ಕರೆಯ ನೀರಿನಂಥ ಸರಳವಾದ ಉಪಾಯಗಳಿಂದ ಆ ಸಂಖ್ಯೆ ಈಗ 30ರ ಆಸುಪಾಸಿಗೆ ಇಳಿದಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಒಂದೆರಡು ಕೂಸುಗಳನ್ನು ಕಳೆದುಕೊಳ್ಳದ ಮನೆ ಅಪರೂಪವಾಗಿತ್ತು. ಹೆತ್ತ ಮಕ್ಕಳೆಷ್ಟು ಎಂದು ಕೇಳಿದರೆ ಅವರು ಉಳಿದವರ ಲೆಕ್ಕವನ್ನೂ ಹೋದವರ ಲೆಕ್ಕವನ್ನೂ ಕೂಡಿಸಿ ಹೇಳುತ್ತಿದ್ದರು. ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲವೆಂದು ಅವರು ಮಗುವಿನೊಡನೆ ನಗುವುದನ್ನು ಬಿಟ್ಟರೆ? ಎರಡು ವರ್ಷ ಆಡಿ ಹೋದ ಮಗುವಿನ ನಗು ಸುಳ್ಳಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಅದು ದೊಡ್ಡದಾಗಿ ಏನೋ ಆಗಲಿಲ್ಲ. ಅದಕ್ಕೆ ಯಾವುದನ್ನೂ ನೆನಪಿಟ್ಟುಕೊಳ್ಳುವ ವಯಸ್ಸು ಬರಲಿಲ್ಲ. ಆದರೂ ಅದು ಹಿತ್ತಲಲ್ಲಿ ಅಳಿಲನ್ನು ಕಂಡು ಚಪ್ಪಾಳೆ ತಟ್ಟಿದ್ದು ಪೂರ್ಣವಾಗಿಯೇ ಇತ್ತು. ಅದಕ್ಕೆ ಮುಂದಿನ ದಿನಗಳ ಜಾಮೀನು ಬೇಕಾಗಿರಲಿಲ್ಲ. ಸುಖವನ್ನು ಬಂಡವಾಳವೆಂದು ಎಣಿಸುವವರು ಈ ಅಜ್ಜಿಯರಿಗೆ ಯಾವ ಉತ್ತರವನ್ನೂ ಕೊಡಲಾರರು.

ಆದಕಾರಣ, ನೆನಪಿನಲ್ಲಿ ಉಳಿಯಲಿಲ್ಲವೆಂದು ಈ ಸುಖಗಳನ್ನು ವ್ಯರ್ಥವೆನ್ನುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಕೊಟ್ಟವರು ಮರೆತು, ಪಡೆದವರು ಮರೆತು, ಆದರೂ ಕೆಲಸ ಮಾಡುತ್ತಿರುವ ದಾನ ಇದೊಂದೇ ಇರಬಹುದು. ನಾವೆಲ್ಲರೂ ಅಂಥ ದಾನವನ್ನು ಪಡೆದೇ ಬೆಳೆದವರು. ಎಷ್ಟು ಸಲ ನಮಗೆ ತುತ್ತು ಮಾಡಿ ತಿನ್ನಿಸಿದರು, ಎಷ್ಟು ಸಲ ಬೀಳಿಸಿದ ಚಮಚವನ್ನು ಎತ್ತಿಕೊಟ್ಟರು ಎಂಬ ಲೆಕ್ಕ ನಮ್ಮ ಬಳಿ ಇಲ್ಲ. ಆದ್ದರಿಂದ ಅವರಿಗೆ ತೀರಿಸುವ ದಾರಿಯೂ ಇಲ್ಲ. ಮುಂದಿನ ಮಗು ಚಮಚ ಬೀಳಿಸಿದಾಗ ಎತ್ತಿಕೊಡಬಹುದು. ಅದು ಮತ್ತೆ ಬೀಳಿಸುತ್ತದೆ. ಮತ್ತೆ ಎತ್ತಿಕೊಡಬಹುದು.